ಗುಂಡು ಹೊರಡುವ ಮೊದಲಿನ ಕೆಲಸ: ಗಡಿಯ ಸ್ನೈಪರ್‌ಗಳ ಬಗ್ಗೆ

ಹಾಸನದಲ್ಲಿ ಮಾಜಿ ಸೈನಿಕರು, ಎನ್‌ಸಿಸಿ ಮಕ್ಕಳು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಸೇನೆಗೆ ಹೊಸ ಸ್ನೈಪರ್ ರೈಫಲ್ ಬಂತು ಅಂತ ಟಿವಿಯಲ್ಲಿ ತೋರಿಸುವಾಗ ಮೂರೇ ವಿಷಯ ಹೇಳುತ್ತಾರೆ. ಯಾವ ದೇಶದ್ದು, ಎಷ್ಟು ದೂರ ಹೊಡೆಯುತ್ತೆ, ಬೆಲೆ ಎಷ್ಟು. ಹಿಂದೆ ಒಂದು ಜೋರು ಸಂಗೀತ. ಅಷ್ಟಕ್ಕೆ ಮುಗಿಯಿತು. ನಾನು ಇಎಂಇಯಲ್ಲಿ, ಅಂದರೆ ಸೇನೆಯ ಸಲಕರಣೆ ದುರಸ್ತಿ ವಿಭಾಗದಲ್ಲಿ, ಆರ್ಮರರ್ ಆಗಿದ್ದವನು. ಬಂದೂಕು ಹೊಡೆಯುವುದಕ್ಕಿಂತ ಅದನ್ನು ಬಿಚ್ಚಿ, ಒರೆಸಿ, ಸರಿಮಾಡಿ ಕೊಡುವುದೇ ನನ್ನ ಕೆಲಸ. ಕೋತ್‌ಗೆ, ಅಂದರೆ ಬಂದೂಕು ಇಡುವ ಕೋಣೆಗೆ, ಬಂದು ಅತಿ ಹೆಚ್ಚು ತಲೆ ತಿನ್ನುವವರು ದೂರದಲ್ಲಿ ಅಡಗಿ ಗುರಿ ಹೊಡೆಯುವ ಈ ಸ್ನೈಪರ್‌ಗಳೇ. ಬೇರೆ ಜವಾನರು ರೈಫಲ್ ಒಪ್ಪಿಸಿ ಸಹಿ ಹಾಕಿ ಹೋಗುತ್ತಾರೆ. ಇವರು ಹೋಗುವುದಿಲ್ಲ. ಪಕ್ಕದಲ್ಲೇ ಕೂತು, ನೀವು ಯಾವ ಸ್ಕ್ರೂ ಮುಟ್ಟುತ್ತೀರಿ ಅಂತ ನೋಡುತ್ತಾರೆ. ಆಗ ಸಿಟ್ಟು ಬರುತ್ತಿತ್ತು. ಆದರೆ ಅವರು ಹಾಗೆ ಕಾಯುವುದಕ್ಕೆ ಕಾರಣ ಇದೆ, ಇವತ್ತಿನ ಮಾತೆಲ್ಲ ಆ ಕಾರಣದ ಬಗ್ಗೆಯೇ.

ಮೊದಲು ಜಾಗ. ಜಮ್ಮು ಕಾಶ್ಮೀರದ ನಿಯಂತ್ರಣ ರೇಖೆ, ನಾವು ಎಲ್‌ಒಸಿ ಅನ್ನುವುದು, ಸುಮಾರು 740 ಕಿ.ಮೀ. ಉದ್ದ. 1949ರಲ್ಲಿ ಕದನ ವಿರಾಮ ರೇಖೆ ಅಂತ ಇತ್ತು, 1971ರ ಯುದ್ಧ ಮುಗಿದ ಮೇಲೆ 1972ರ ಸಿಮ್ಲಾ ಒಪ್ಪಂದದಿಂದ ನಿಯಂತ್ರಣ ರೇಖೆ ಆಯಿತು. ಎರಡು ದೇಶ ಒಪ್ಪಿಕೊಂಡ ಗಡಿ ಅಲ್ಲ ಅದು. ಎರಡು ಸೇನೆಗಳು ನಿಂತಲ್ಲೇ ನಿಂತ ಗೆರೆ. ಕೆಲವು ಕಡೆ ನಮ್ಮ ಪೋಸ್ಟಿಗೂ ಅವರ ಪೋಸ್ಟಿಗೂ ನಡುವೆ ಕೆಲವೇ ನೂರು ಮೀಟರ್. ಇನ್ನು ಕೆಲವು ಕಡೆ ನಡುವೆ ಒಂದು ಕಣಿವೆ, ಆಚೆ ಬೆಟ್ಟದ ಏಣು. ಟ್ಯಾಂಕ್ ಓಡಾಡುವ ಜಾಗ ಅಲ್ಲ. ತೋಪು ಹಾರಿಸಿದರೆ ದೊಡ್ಡ ಸುದ್ದಿ. ಇಂಥ ಕಡೆ, ಎರಡು ಕಡೆಯವರೂ ವರ್ಷಗಟ್ಟಲೆ ಒಬ್ಬರನ್ನೊಬ್ಬರು ನೋಡುತ್ತಾ ಕೂತಿರುವ ಕಡೆ, ಒಂದೇ ಗುಂಡಿನ ಕೆಲಸಕ್ಕೆ ಬೆಲೆ ಬರುತ್ತದೆ.

ನಮ್ಮ ಪದಾತಿ ದಳದ ಕೈಯಲ್ಲಿ ದಶಕಗಳಿಂದ ಇರುವುದು ಡ್ರಗುನೋವ್. ಸೋವಿಯತ್ ರಷ್ಯಾದ ಯೆವ್ಗೆನಿ ಡ್ರಗುನೋವ್ ಮಾಡಿದ ರೈಫಲ್, 1963ರಲ್ಲಿ ಅಲ್ಲಿನ ಸೇನೆಗೆ ಸೇರಿತು. 7.62 ಮಿ.ಮೀ. ಗುಂಡು, ಮ್ಯಾಗಜಿನ್‌ನಲ್ಲಿ 10. ಸ್ಕೋಪ್, ಅಂದರೆ ಮೇಲೆ ಕೂರಿಸುವ ಗುರಿ ದುರ್ಬೀನು, ಸೇರಿ ನಾಲ್ಕೂಕಾಲು ಕೆಜಿ ಚಿಲ್ಲರೆ. ಅದು ಬಳಸುವ ತೋಟಾ ಇನ್ನೂ ಹಳೆಯದು, 1891ರ ವಿನ್ಯಾಸ! ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಿಲ್ಲ, ಟ್ರಿಗರ್ ಒತ್ತಿದ ಹಾಗೆಲ್ಲ ಹಾರುತ್ತದೆ. ಗಟ್ಟಿ ಬಂದೂಕು ಕಣ್ರೀ. ಕೆಸರಲ್ಲಿ ಬಿದ್ದರೂ ಕೆಲಸ ಮಾಡುತ್ತದೆ. ಬೈಯುವವರು ಬೈಯಲಿ, ನನಗೆ ಅದರ ಮೇಲೆ ಒಂದು ಮಮತೆ ಇದೆ.

ಅದರ ಸ್ಕೋಪ್ ಹೆಸರು ಪಿಎಸ್‌ಒ-1. ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಕಣ್ಣಿಟ್ಟು ನೋಡಿದರೆ ನಡುವೆ ಬಾಣದ ತುದಿಯಂಥ ಗುರುತು, ಅದರ ಕೆಳಗೆ ಅಂಥವೇ ಇನ್ನೂ ಮೂರು. ಎಡಗಡೆ ಕೆಳಗೆ ಒಂದು ನೇರ ಗೆರೆ, ಅದರ ಮೇಲೆ ಓರೆಯಾಗಿ ಇಳಿಯುವ ಇನ್ನೊಂದು ಬಾಗಿದ ಗೆರೆ. ಓರೆ ಗೆರೆಯ ಮೇಲೆ 2, 4, 6, 8, 10 ಅಂತ ಬರೆದಿರುತ್ತದೆ. ಎದುರಿಗೆ ನಿಂತವನ ಪಾದ ನೇರ ಗೆರೆಯ ಮೇಲೆ ಬರಬೇಕು. ತಲೆ ಓರೆ ಗೆರೆಗೆ ಎಲ್ಲಿ ತಾಗುತ್ತದೋ ಅಲ್ಲಿನ ಅಂಕಿ ಓದಿದರೆ ದೂರ ಗೊತ್ತಾಗುತ್ತದೆ. 6 ಅಂದರೆ 600 ಮೀಟರ್. ಆಳಿನ ಎತ್ತರ 1.7 ಮೀಟರ್ ಅಂತ ಇಟ್ಟುಕೊಂಡು ಹಾಕಿದ ಗೆರೆ ಅದು. ಬ್ಯಾಟರಿ ಬೇಡ, ಲೇಸರ್ ಬೇಡ. ಎಂಥ ಜಾಣತನ ನೋಡಿ. ಆದರೆ ಎಲ್‌ಒಸಿಯಲ್ಲಿ ಯಾರಾದರೂ ಅಡಿಯಿಂದ ಮುಡಿವರೆಗೆ ಕಾಣೋ ಹಾಗೆ ನಿಲ್ಲುತ್ತಾರಾ? ಮೋರ್ಚಾದಲ್ಲಿ, ಅಂದರೆ ಮರೆಯ ಕಾವಲು ಜಾಗದಲ್ಲಿ, ಕಾಣುವುದು ಅರ್ಧ ತಲೆ, ಒಂದು ಭುಜ. ಅದಕ್ಕೇ ಅಲ್ಲಿನ ಸ್ನೈಪರ್‌ಗಳು ಮೊದಲೇ ಎಲ್ಲವನ್ನೂ ಅಳೆದು ಚೀಟಿ ಮಾಡಿಟ್ಟುಕೊಳ್ಳುತ್ತಾರೆ. ಆ ಕರಿ ಬಂಡೆ ಇಷ್ಟು, ಒಣಗಿದ ಮರ ಇಷ್ಟು, ಅವರ ಬಂಕರಿನ ಎಡ ಮೂಲೆ ಇಷ್ಟು ಮೀಟರ್ ಅಂತ.

ಡ್ರಗುನೋವ್ ಸುಮಾರು 800 ಮೀಟರ್‌ವರೆಗೆ ನಂಬಬಹುದಾದ ಬಂದೂಕು. ಸಾಧಾರಣ ಗುಂಡು ಹಾಕಿದರೆ 100 ಮೀಟರ್‌ನಲ್ಲಿ ಆರು ಸೆಂಟಿಮೀಟರ್ ಅಗಲದಲ್ಲಿ ಗುಂಡುಗಳು ಬೀಳುತ್ತವೆ ಅಂತಿಟ್ಟುಕೊಳ್ಳಿ. 800 ಮೀಟರಿಗೆ ಅದು ಎಂಟು ಪಟ್ಟು, ಅಂದರೆ ಅರ್ಧ ಮೀಟರ್ ಹತ್ತಿರ. ಆಳಿನ ಎದೆಯಗಲಕ್ಕಿಂತ ಕಡಿಮೆ ಏನಿಲ್ಲ. ಹೊಡೆಯುವವನು ಎಷ್ಟೇ ನಿಪುಣನಾದರೂ ಬಂದೂಕೇ ಅಷ್ಟು ಅಲ್ಲಾಡಿದರೆ ಅವನೇನು ಮಾಡಬೇಕು? ಈ ಕೊರತೆ ತುಂಬುವುದಕ್ಕೆ ಹೊಸ ರೈಫಲ್‌ಗಳು ಬಂದವು.

2019ರಲ್ಲಿ ಎಲ್‌ಒಸಿ ನೋಡಿಕೊಳ್ಳುವ ಉತ್ತರ ಕಮಾಂಡಿಗೆ ಎರಡು ಬಗೆ ಬಂತು. ಇಟಲಿಯ ಬೆರೆಟ್ಟಾ ಕಂಪನಿಯ ಸ್ಕಾರ್ಪಿಯೋ ಟಿಜಿಟಿ, ಅಮೆರಿಕದ ಬ್ಯಾರೆಟ್ ಎಂ95. ಮೊದಲನೆಯದು .338 ಲಾಪುವಾ ಮ್ಯಾಗ್ನಮ್ ಅನ್ನುವ ಗುಂಡು (ಅಗಲ 0.338 ಇಂಚು, ಸುಮಾರು 8.6 ಮಿ.ಮೀ.) ಹಾರಿಸುತ್ತದೆ, ಸುಮಾರು 1,500 ಮೀಟರ್ ದೂರಕ್ಕೆ. ಬ್ಯಾರೆಟ್ 12.7 ಮಿ.ಮೀ.ದು, 1,800 ಮೀಟರ್. ಅದು ಹತ್ತು ಕೆಜಿ ಮೇಲಿನ ಸಾಮಾನು, ಮುಖ್ಯವಾಗಿ ವಾಹನ, ಉಪಕರಣ, ಮರೆಯ ಹಿಂದಿನ ಗುರಿಗೆ. ಆಮೇಲೆ 2022ರಲ್ಲಿ ಫಿನ್ಲೆಂಡಿನ ಸಾಕೋ ಟಿಆರ್‌ಜಿ-42 ಎಲ್‌ಒಸಿಗೆ ಬಂತು. ಅದೂ .338. ಇಟಲಿ, ಫಿನ್ಲೆಂಡ್ ಅಂತ ಬೇರೆ ಬೇರೆ ಹೆಸರು ಕೇಳಿದರೂ ಸಾಕೋ ಕಂಪನಿಯ ಒಡೆತನ ಬೆರೆಟ್ಟಾ ಗುಂಪಿನದ್ದೇ. ಗಡಿ ಭದ್ರತಾ ಪಡೆಯ ಹತ್ತಿರ ನಮ್ಮ ತಿರುಚಿರಾಪಳ್ಳಿ ಕಾರ್ಖಾನೆಯ ವಿಧ್ವಂಸಕ್ ಅನ್ನುವ ಭಾರೀ ರೈಫಲ್ ಇದೆ. ಅದನ್ನು ಒಬ್ಬನೇ ಹೊತ್ತು ಬೆಟ್ಟ ಹತ್ತುವುದು ಆಗದ ಮಾತು. ಇಬ್ಬರು ಮೂವರು ಬಿಚ್ಚಿ ಹಂಚಿಕೊಂಡೇ ಹೊರಬೇಕು.

ಇಲ್ಲಿ ಟಿವಿಯವರು ಹೇಳದ ಒಂದು ಲೆಕ್ಕ ಇದೆ. 2018ರಲ್ಲಿ ಸೇನೆ 5,719 ಸ್ನೈಪರ್ ರೈಫಲ್ ಕೊಳ್ಳಲು ಟೆಂಡರ್ ಕರೆದಿತ್ತು. ಜೊತೆಗೆ ಒಂದು ಕೋಟಿಗೂ ಮೇಲ್ಪಟ್ಟು ಗುಂಡು. ಭಾಗಿಸಿ ನೋಡಿ, ಒಂದು ರೈಫಲಿಗೆ ಹೆಚ್ಚುಕಡಿಮೆ 1,800 ಗುಂಡು. ಶತ್ರುವಿನ ಮೇಲೆ ಯಾರೂ ಅಷ್ಟು ಹಾರಿಸುವುದಿಲ್ಲ. ಅದೆಲ್ಲ ಅಭ್ಯಾಸಕ್ಕೆ. .338 ಗುಂಡು ಅಗ್ಗದ್ದಲ್ಲ, ಆದರೆ ಅಭ್ಯಾಸಕ್ಕೆ ಗುಂಡು ಇಲ್ಲದಿದ್ದರೆ ಎಂಥ ಲಕ್ಷಾಂತರ ರೂಪಾಯಿ ರೈಫಲ್ ತಂದರೂ ಅದು ಕೋತ್‌ನಲ್ಲಿ ಎಣ್ಣೆ ಕುಡಿಯುತ್ತಾ ಮಲಗಿರುತ್ತದೆ. ಆ ಟೆಂಡರ್ 2019ರಲ್ಲಿ ರದ್ದಾಯಿತು, ಆದರೆ ಗುಂಡಿನ ಈ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಇನ್ನು ಮುಂದೆ ಹೊಸ ರೈಫಲ್ ಸುದ್ದಿ ನೋಡಿದರೆ ಗುಂಡು ಎಷ್ಟು ಬಂತು, ಅದನ್ನು ಎಲ್ಲಿ ಮಾಡುತ್ತಾರೆ ಅಂತ ಕೇಳಿ. ನನಗೆ ಅದೇ ದೊಡ್ಡ ಪ್ರಶ್ನೆ.

ಈಗ ಗುಂಡು ನಳಿಗೆ ಬಿಟ್ಟ ಮೇಲೆ ಏನಾಗುತ್ತದೆ ಅಂತ ನೋಡೋಣ. ಪಿಯುಸಿಯಲ್ಲಿ ಫಿಸಿಕ್ಸ್ ಓದುವವರು ಸ್ವಲ್ಪ ಎದ್ದು ಕೂತುಕೊಳ್ಳಿ.

.338 ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಾಳಿ ತಡೆಯುವುದರಿಂದ ವೇಗ ಇಳಿಯುತ್ತಾ ಹೋಗುತ್ತದೆ. 1,000 ಮೀಟರ್ ತಲುಪಲು ಒಂದೂವರೆ ಸೆಕೆಂಡ್. ಆ ಒಂದೂವರೆ ಸೆಕೆಂಡೂ ಭೂಮಿ ಅದನ್ನು ಕೆಳಗೆ ಎಳೆಯುತ್ತಲೇ ಇರುತ್ತದೆ. ನಳಿಗೆ ನೇರ ಹಿಡಿದ ಗೆರೆಯಿಂದ ಅದು ಒಂಬತ್ತು ಹತ್ತು ಮೀಟರ್ ಕೆಳಗೆ ಬಂದಿರುತ್ತದೆ. ಮೂರಂತಸ್ತಿನ ಮನೆಯಷ್ಟು. ಈ ಇಳಿತ ಎಷ್ಟು ಅಂತ ಮೊದಲೇ ಗೊತ್ತಿರುವುದರಿಂದ ಸ್ಕೋಪಿನ ತಿರುಪು ತಿರುಗಿಸಿ ಅಷ್ಟು ಮೇಲೆ ಹಿಡಿಯಬಹುದು. ತಿರುಪಿನ ಒಂದು ಕ್ಲಿಕ್ಕಿಗೆ 100 ಮೀಟರಿನಲ್ಲಿ ಒಂದು ಸೆಂಟಿಮೀಟರ್, 1,000 ಮೀಟರಿನಲ್ಲಿ ಹತ್ತು. ಆದರೆ ದೂರವನ್ನು 50 ಮೀಟರ್ ತಪ್ಪಾಗಿ ಅಂದಾಜು ಮಾಡಿದರೆ? ಅಷ್ಟು ದೂರದಲ್ಲಿ ಗುಂಡು ಹತ್ತಿರ ಒಂದು ಮೀಟರ್ ಮೇಲೋ ಕೆಳಗೋ ಹೋಗುತ್ತದೆ.

ಇಳಿತ ಪರವಾಗಿಲ್ಲ, ಅದು ಮಾತು ಕೇಳುತ್ತದೆ. ಗಾಳಿ ಕೇಳುವುದಿಲ್ಲ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಇದ್ದರೆ 1,000 ಮೀಟರಿನಲ್ಲಿ ಈ ಗುಂಡು ಎರಡು ಮೀಟರ್ ಹತ್ತಿರ ಪಕ್ಕಕ್ಕೆ ಸರಿಯುತ್ತದೆ. 16 ಕಿ.ಮೀ. ಅಂದರೆ ಬಿರುಗಾಳಿ ಅಲ್ಲ, ಒಣಹಾಕಿದ ಬಟ್ಟೆ ಅಲ್ಲಾಡುವಷ್ಟು. ಇನ್ನು ಕಣಿವೆಯಲ್ಲಿ ಒಂದೇ ಗಾಳಿ ಇರುವುದಿಲ್ಲ. ನೀವು ಮಲಗಿರುವ ಕಡೆ ಒಂದು, ನಡುವಿನ ಕಣಿವೆಯಲ್ಲಿ ಇನ್ನೊಂದು, ಆಚೆ ಬೆಟ್ಟದಲ್ಲಿ ಮತ್ತೊಂದು. ಬಿಸಿಲೇರಿದಾಗ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಏರುತ್ತದೆ, ರಾತ್ರಿ ಕೆಳಕ್ಕೆ ಇಳಿಯುತ್ತದೆ. ಕೈಯಲ್ಲಿ ಹಿಡಿಯುವ ಗಾಳಿ ಮೀಟರ್ ಇದೆ, ಚೆನ್ನಾಗಿದೆ. ಆದರೆ ಅದು ನೀವಿರುವ ಜಾಗದ ಗಾಳಿಯನ್ನು ಮಾತ್ರ ಹೇಳುತ್ತದೆ. ಉಳಿದದ್ದನ್ನು ಹುಲ್ಲು, ಹೊಗೆ, ಆಮೇಲೆ ಬಿಸಿ ನೆಲದ ಮೇಲೆ ಕಾಣುವ ನಡುಗುವ ಗಾಳಿ ನೋಡಿ ಓದಬೇಕು. ಆ ನಡುಕ ನೇರ ಮೇಲಕ್ಕೆ ಕುದಿಯುವ ಹಾಗೆ ಕಂಡರೆ ಅಡ್ಡಗಾಳಿ ಇಲ್ಲ. ಪಕ್ಕಕ್ಕೆ ಹರಿಯುವ ಹಾಗಿದ್ದರೆ ಇದೆ. ಇದನ್ನು ಓದುವುದು ಜೊತೆಗಾರನ ಕೆಲಸ, ಅವನ ಬಗ್ಗೆ ಆಮೇಲೆ ಹೇಳುತ್ತೇನೆ.

ಬೆಟ್ಟದಲ್ಲಿ ಇನ್ನೊಂದು ತಮಾಷೆ ಇದೆ. ಮುಳ್ಳಯ್ಯನಗಿರಿ ತುದಿಯಿಂದ ಕೆಳಗಿನ ಒಂದು ಬಂಡೆಗೆ ಗುರಿ ಇಟ್ಟಿದ್ದೀರಿ ಅಂತ ಅಂದುಕೊಳ್ಳಿ. ಲೇಸರ್ 600 ಮೀಟರ್ ಅನ್ನುತ್ತದೆ, ಇಳಿಜಾರು 30 ಡಿಗ್ರಿ. ನೀವು 600ಕ್ಕೆ ಲೆಕ್ಕ ಹಾಕಿ ಹೊಡೆದರೆ ಗುಂಡು ಮೇಲೆ ಹೋಗುತ್ತದೆ. ಯಾಕೆಂದರೆ ಗುಂಡಿನ ಇಳಿತಕ್ಕೆ ಲೆಕ್ಕಕ್ಕೆ ಬರುವುದು ನೆಲಕ್ಕೆ ಸಮನಾದ ದೂರ. 600 ಗುಣಿಸು ಕಾಸ್ 30, ಅಂದರೆ 520 ಮೀಟರ್. ಮೇಲಿಂದ ಕೆಳಗೆ ಹೊಡೆದರೂ ಅಷ್ಟೇ, ಕೆಳಗಿಂದ ಮೇಲೆ ಹೊಡೆದರೂ ಅಷ್ಟೇ. ಟ್ರಿಗ್ನಾಮೆಟ್ರಿ ಯಾವ ಕೆಲಸಕ್ಕೆ ಬರುತ್ತೆ ಅಂತ ಮೇಷ್ಟ್ರನ್ನು ಕೇಳುವ ಮಕ್ಕಳಿಗೆ ಇದನ್ನು ಹೇಳಿ.

ಎತ್ತರಕ್ಕೆ ಹೋದರೆ ಗಾಳಿ ತೆಳು. 3,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇ. 70ರಷ್ಟು ಮಾತ್ರ. ಗುಂಡಿಗೆ ತಡೆ ಕಡಿಮೆ, ಇಳಿತವೂ ಕಡಿಮೆ. ಬಯಲಲ್ಲಿ ಜೀರೋ ಮಾಡಿದ, ಅಂದರೆ ಸ್ಕೋಪಿನ ಗುರುತಿಗೇ ಗುಂಡು ಬೀಳುವ ಹಾಗೆ ಹೊಂದಿಸಿದ, ರೈಫಲ್ ಹಾಗೇ ಮೇಲೆ ತಗೊಂಡು ಹೋದರೆ ದೂರದ ಗುಂಡೆಲ್ಲ ಗುರಿಯ ಮೇಲೆ ಹಾರುತ್ತದೆ. ಚಳಿ ಇದಕ್ಕೆ ಉಲ್ಟಾ. ತೋಟಾದೊಳಗಿನ ಮದ್ದು ತಣ್ಣಗಾದರೆ ನಿಧಾನ ಉರಿಯುತ್ತದೆ, ಗುಂಡಿನ ವೇಗ ಇಳಿಯುತ್ತದೆ. ಭೂಮಿ ತಿರುಗುವುದರಿಂದಲೂ 1,000 ಮೀಟರಿಗೆ ಐದಾರು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಕೇಳಲು ರೋಮಾಂಚನ, ಆದರೆ ಗಾಳಿಯ ಎರಡು ಮೀಟರ್ ಮುಂದೆ ಅದೇನು ಲೆಕ್ಕ?

ಚಳಿಯ ಮಾತು ಬಂತು, ನನ್ನ ಕೆಲಸದ ಜಾಗಕ್ಕೆ ಬಂದೆ. ಮೈನಸ್ ಚಳಿಯಲ್ಲಿ ಎಣ್ಣೆ ಅಂಟಾಗುತ್ತದೆ. ಬೋಲ್ಟ್ ಮೆಲ್ಲಗೆ ಸರಿಯುತ್ತದೆ, ಸೂಜಿ ತೋಟಾಕ್ಕೆ ಗಟ್ಟಿಯಾಗಿ ಬಡಿಯುವುದಿಲ್ಲ. ಹಾಗಾಗಿ ಎಣ್ಣೆ ಒರೆಸಿ ತೆಗೆಯಬೇಕು, ಬೆರಳಿಗೆ ತಾಗಿತೋ ಇಲ್ಲವೋ ಅನ್ನುವಷ್ಟು ಮಾತ್ರ ಬಿಡಬೇಕು. ಹೊಸಬರು ರೈಫಲ್ ಮೇಲಿನ ಪ್ರೀತಿಗೆ ಅದನ್ನು ಬಂಕರ್ ಒಳಗೆ ತಂದು ಬುಖಾರಿ ಪಕ್ಕ ಇಡುತ್ತಾರೆ. ಬುಖಾರಿ ಅಂದರೆ ಸೀಮೆಎಣ್ಣೆ ಒಲೆ, ಬಂಕರ್ ಬೆಚ್ಚಗಿಡುವುದಕ್ಕೆ. ತಣ್ಣನೆ ಲೋಹ ಬೆಚ್ಚನೆ ಗಾಳಿಗೆ ಬಂದರೆ ಬೆವರುತ್ತದೆ. ಸ್ಕೋಪಿನ ಗಾಜು ಮಂಜಾಗುತ್ತದೆ, ನೀರು ಟ್ರಿಗರ್ ಸಂದಿಗೆ ಇಳಿಯುತ್ತದೆ. ಮತ್ತೆ ಹೊರಗೆ ಹೋದ ಹತ್ತು ನಿಮಿಷಕ್ಕೆ ಆ ನೀರು ಮಂಜುಗಡ್ಡೆ. ರೈಫಲ್ ಹೊರಗೇ, ಮರೆಯಲ್ಲಿ, ಮುಚ್ಚಿ ಇಡುವುದು ಒಳ್ಳೆಯದು.

ನಳಿಗೆಯೊಳಗೆ ಎಣ್ಣೆ ಇದ್ದರೆ ಮೊದಲ ಗುಂಡು ಬೇರೆ ಕಡೆ ಹೋಗುತ್ತದೆ. ಎರಡನೆಯದು, ಮೂರನೆಯದು ಸರಿಯಾಗುತ್ತವೆ. ಸ್ನೈಪರಿಗೆ ಎರಡನೆಯದು ಸಿಗುವುದೇ ಅಪರೂಪ. ಅದಕ್ಕೇ ಹೊರಡುವ ಮೊದಲು ಪುಲ್‌ಥ್ರೂ ಅನ್ನುವ ನಳಿಗೆ ಒರೆಸುವ ಹಗ್ಗಕ್ಕೆ ಒಣ ಚಿಂದಿ ಕಟ್ಟಿ, ಚಿಂದಿ ಬೆಳ್ಳಗೆ ಬರುವ ತನಕ ಎಳೆಯುತ್ತಾರೆ. ತಣ್ಣಗಿರುವ ನಳಿಗೆಯಿಂದ ಹೋಗುವ ಆ ಮೊದಲ ಗುಂಡು ಎಲ್ಲಿ ಬೀಳುತ್ತದೆ ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಯಾವ ತಾರೀಖು, ಎಷ್ಟು ಚಳಿ, ಯಾವ ಲಾಟಿನ ಗುಂಡು, ಗಾಳಿ ಎಷ್ಟು, ಎಷ್ಟು ಕ್ಲಿಕ್. ಈಗ ಮೊಬೈಲ್‌ನಂಥ ಕ್ಯಾಲ್ಕುಲೇಟರ್‌ಗಳು ಬಂದಿವೆ, ಎಲ್ಲ ಲೆಕ್ಕ ಹಾಕಿ ಕೊಡುತ್ತವೆ. ಆದರೆ ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಪೆನ್ಸಿಲ್ ಸಾಯುವುದಿಲ್ಲ. ಸ್ಕೋಪ್ ಕೂರಿಸಿದ ಸ್ಕ್ರೂ ಕೂದಲೆಳೆಯಷ್ಟು ಸಡಿಲವಾದರೂ ಪುಸ್ತಕದ ಬರಹವೆಲ್ಲ ವ್ಯರ್ಥ. ಅವರು ಕೋತ್‌ನಲ್ಲಿ ನನ್ನ ಪಕ್ಕ ಕೂತು ನನ್ನ ಕೈಯನ್ನೇ ನೋಡುತ್ತಿದ್ದದ್ದು ಇದಕ್ಕೆ.

ಆ ಎತ್ತರದಲ್ಲಿ ಶತ್ರುವಿಗಿಂತ ಬೆಟ್ಟವೇ ಜಾಸ್ತಿ ಜನರನ್ನು ತಿನ್ನುವುದೂ ಉಂಟು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 19 ಮದ್ರಾಸ್ ಬೆಟಾಲಿಯನ್ನಿನ 10 ಮಂದಿಯನ್ನು ಕಳೆದುಕೊಂಡೆವು. ಅವರಲ್ಲಿ ನಮ್ಮ ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರ್ ನಾಗೇಶ್ ಅವರೂ ಒಬ್ಬರು. ಈ ಊರಲ್ಲಿ ನಿಂತು ಚಳಿಯ ಮಾತಾಡುವಾಗ ಅವರನ್ನು ನೆನೆಯದೆ ಇರಲು ಆಗುವುದಿಲ್ಲ.

ಈಗ ಜೊತೆಗಾರ. ಸಿನಿಮಾದಲ್ಲಿ ಸ್ನೈಪರ್ ಒಂಟಿ. ಸೇನೆಯಲ್ಲಿ ಅವರು ಜೋಡಿ. ಒಬ್ಬ ಹೊಡೆಯುತ್ತಾನೆ, ಇನ್ನೊಬ್ಬ ನೋಡುತ್ತಾನೆ. ನೋಡುವವನ ಕೈಯಲ್ಲಿ ದೊಡ್ಡ ದುರ್ಬೀನು, ದೂರ ಅಳೆಯುವ ಲೇಸರ್, ರಾತ್ರಿಗೆ ಮೈಶಾಖ ತೋರಿಸುವ ಥರ್ಮಲ್ ಇಮೇಜರ್. ಬಹಳ ಸಲ ಅವನೇ ಹಿರಿಯ. ಇಬ್ಬರ ಹೆಚ್ಚಿನ ಸಮಯ ಹೋಗುವುದು ಹೊಡೆಯುವುದರಲ್ಲಿ ಅಲ್ಲ, ನೋಡಿ ಬರೆಯುವುದರಲ್ಲಿ. ಎದುರಿನ ಪೋಸ್ಟಿನಲ್ಲಿ ಸಂತ್ರಿ ಎಷ್ಟು ಹೊತ್ತಿಗೆ ಬದಲಾಗುತ್ತಾನೆ, ನೀರು ಯಾವ ದಾರಿಯಲ್ಲಿ ಬರುತ್ತದೆ, ನಿನ್ನೆ ಇಲ್ಲದ ಮರಳಿನ ಚೀಲ ಇವತ್ತು ಯಾಕೆ ಬಂತು. ನನ್ನನ್ನು ಕೇಳಿದರೆ ಗಡಿಯಲ್ಲಿ ಸ್ನೈಪರಿನಿಂದ ಆಗುವ ದೊಡ್ಡ ಉಪಕಾರ ಈ ವರದಿಗಳೇ. ಒಳನುಸುಳುವವರ ಸುಳಿವು ಇಂಥ ಕಣ್ಣಿಗೆ ಮೊದಲು ಬೀಳುತ್ತದೆ. ಈ ಕೆಲಸದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ನಡೆದು ಬರುವ ಮನುಷ್ಯನನ್ನು ರಾತ್ರಿ ಮಂಜಿನಲ್ಲೂ ಗುರುತಿಸುವ ಬಿಎಫ್‌ಎಸ್‌ಆರ್ ಅನ್ನುವ ಸಣ್ಣ ರಾಡಾರನ್ನು ರೂಪಿಸಿದ್ದು ಡಿಆರ್‌ಡಿಒದ ಪ್ರಯೋಗಾಲಯ ಎಲ್‌ಆರ್‌ಡಿಇ, ತಯಾರಿಸಿದ್ದು ಬಿಇಎಲ್.

ಅಡಗಿಕೊಳ್ಳುವ ವಿದ್ಯೆಗೆ ಒಂದು ಹಳೆಯ ಉದಾಹರಣೆ ಕೊಡುತ್ತೇನೆ. 1939-40ರ ಚಳಿಗಾಲದಲ್ಲಿ ರಷ್ಯಾ ಫಿನ್ಲೆಂಡಿನ ಮೇಲೆ ನುಗ್ಗಿದಾಗ ಸಿಮೋ ಹಾಯ್ಹಾ ಅನ್ನುವ ಒಬ್ಬ ರೈತ ಇದ್ದ. ಅವನ ಲೆಕ್ಕಕ್ಕೆ 500ಕ್ಕಿಂತ ಜಾಸ್ತಿ ಸೈನಿಕರನ್ನು ಬರೆಯುತ್ತಾರೆ. ಅವನು ಸ್ಕೋಪ್ ಬಳಸುತ್ತಲೇ ಇರಲಿಲ್ಲ! ಸ್ಕೋಪಿನ ಗಾಜು ಬಿಸಿಲಿಗೆ ಹೊಳೆಯುತ್ತದೆ, ಅದರಲ್ಲಿ ನೋಡಲು ತಲೆ ಸ್ವಲ್ಪ ಮೇಲೆತ್ತಬೇಕು, ಅಷ್ಟು ಸಾಕು ಸಾಯಲು ಅಂತ ಅವನ ಲೆಕ್ಕ. ಉಸಿರಿನ ಹಬೆ ಕಾಣದಿರಲಿ ಅಂತ ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದ. ಗುಂಡು ಹೊರಟಾಗ ಮುಂದಿನ ಹಿಮ ಪುಡಿ ಏಳಬಾರದು ಅಂತ ಅದನ್ನು ಮೊದಲೇ ಗಟ್ಟಿ ಮಾಡುತ್ತಿದ್ದ. ಕೊನೆಗೆ 1940ರ ಮಾರ್ಚ್‌ನಲ್ಲಿ ದವಡೆಗೆ ಗುಂಡು ಬಿತ್ತು. ಬದುಕಿಕೊಂಡ, 2002ರವರೆಗೂ ಇದ್ದ. ಈಗಿನವರು ಗಾಜಿನ ಮುಂದೆ ಜೇನುಗೂಡಿನ ಥರದ ಜಾಲರಿ ಹಾಕುತ್ತಾರೆ, ಹೊಳಪು ಕಾಣದಿರಲಿ ಅಂತ. ಥರ್ಮಲ್ ಇಮೇಜರ್, ಡ್ರೋನ್ ಬಂದ ಮೇಲೆ ಅಡಗುವುದು ಮೊದಲಿಗಿಂತ ಬಹಳ ಕಷ್ಟ. ಹುಲ್ಲು ಸೊಪ್ಪು ಕಟ್ಟಿಕೊಂಡ ಗಿಲ್ಲಿ ಸೂಟು ಕಣ್ಣಿಗೆ ಮೋಸ ಮಾಡುತ್ತದೆ, ಮೈಯ ಬಿಸಿಯನ್ನು ಮುಚ್ಚುವುದಿಲ್ಲ.

ಗುರಿಯಾಗುವ ಕಡೆಯಿಂದಲೂ ನೋಡಬೇಕಲ್ವಾ. ಎದುರಿಗೆ ಸ್ನೈಪರ್ ಇದ್ದಾನೆ ಅಂತ ಗೊತ್ತಾದ ಪೋಸ್ಟಿನ ಬದುಕೇ ಬೇರೆ. ಮೋರ್ಚಾದ ತೆರೆದ ಸಂದಿಗಳಿಗೆ ಗೋಣಿ, ಬಟ್ಟೆ ಕಟ್ಟುತ್ತಾರೆ. ಬಯಲಲ್ಲಿ ಅಧಿಕಾರಿಗೆ ಸೆಲ್ಯೂಟ್ ಹೊಡೆಯುವುದಿಲ್ಲ, ಯಾರು ಸಾಹೇಬ ಅಂತ ತೋರಿಸಿಕೊಟ್ಟ ಹಾಗಾಗುತ್ತದೆ. ಶೌಚಕ್ಕೆ ಹೋಗುವುದೂ ಕತ್ತಲಾದ ಮೇಲೆ. ಗುಂಡು ಹತ್ತಿರ ಹಾದರೆ ಮೊದಲು ಚಟೀರ್ ಅಂತ ಒಂದು ಸದ್ದು. ಅದು ಗುಂಡು ಗಾಳಿ ಸೀಳಿದ್ದು. ಆಮೇಲೆ ದೂರದಿಂದ ಢಂ, ಅದು ಬಂದೂಕಿನದ್ದು. ಎರಡರ ನಡುವೆ ಒಂದು ಸೆಕೆಂಡ್ ಇದ್ದರೆ ಹೊಡೆದವನು ಆರೇಳು ನೂರು ಮೀಟರ್ ದೂರದಲ್ಲಿದ್ದಾನೆ ಅಂತ ಅಂದಾಜು. ಚಟೀರ್ ಕೇಳಿಸಿತು ಅಂದರೆ ಆ ಗುಂಡು ನಿಮ್ಮದಲ್ಲ ಅಂತಲೂ ಲೆಕ್ಕ.

2020ರಲ್ಲಿ ಕದನ ವಿರಾಮ ಉಲ್ಲಂಘನೆ 5,133 ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. 2021ರ ಫೆಬ್ರವರಿ 25ರಂದು ಎರಡೂ ಕಡೆಯ ಡಿಜಿಎಂಒಗಳು, ಅಂದರೆ ಸೇನಾ ಕಾರ್ಯಾಚರಣೆಯ ಮುಖ್ಯಸ್ಥರು, ಒಪ್ಪಿ ಹೇಳಿಕೆ ಕೊಟ್ಟ ಮೇಲೆ ಅದು ಹೆಚ್ಚುಕಡಿಮೆ ನಿಂತೇ ಹೋಯಿತು. ಗಡಿ ಹಳ್ಳಿಗಳವರು ಹೊಲಕ್ಕೆ ಇಳಿದರು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಮತ್ತೆ ರಾತ್ರಿ ರಾತ್ರಿ ಗುಂಡು ಶುರುವಾಯಿತು, ಮೇ 10ರ ಒಪ್ಪಿಗೆವರೆಗೆ. ಒಂದು ಜಂಟಿ ಹೇಳಿಕೆ ಮಾಡಿದ್ದನ್ನು ಯಾವ .338 ಕೂಡ ಮಾಡಿರಲಿಲ್ಲ. ಇದನ್ನು ಒಬ್ಬ ಬಂದೂಕಿನ ಮನುಷ್ಯನಾಗಿಯೇ ಹೇಳುತ್ತಿದ್ದೇನೆ.

ಇನ್ನು ನೀವು ಕೇಳಿದ್ದಕ್ಕೆ ಬರುತ್ತೇನೆ.

ಸಕಲೇಶಪುರದ ಕಡೆಯ ಗೌಡರೊಬ್ಬರು ಕೇಳಿದರು, ನಮ್ಮ ತೋಟದ ಕೋವಿಗೆ ಇಂಥ ಸ್ಕೋಪ್ ಹಾಕಿಸಿದರೆ ಹಂದಿ ಕಾಟ ತಪ್ಪುತ್ತಾ ಅಂತ. ಗೌಡ್ರೇ, ನಿಮ್ಮದು ಚರೆ ಕೋವಿ. ನಲವತ್ತು ಐವತ್ತು ಮೀಟರ್ ದಾಟಿದರೆ ಚರೆ ಚೆದುರಿ ಹೋಗುತ್ತದೆ. ಅಷ್ಟಕ್ಕೆ ಕಣ್ಣೇ ಸಾಕು. ಸ್ಕೋಪಿನ ದುಡ್ಡನ್ನು ಬೇಲಿಗೆ ಹಾಕಿ. ಚುನಾವಣೆ ಬಂದರೆ ಕೋವಿ ಹೇಗೂ ಠಾಣೆಯಲ್ಲೇ ಇರುತ್ತದೆ, ಬೇಲಿ ತೋಟದಲ್ಲೇ ಇರುತ್ತದೆ.

ಮೂರೂವರೆ ಕಿಲೋಮೀಟರ್ ದೂರದಿಂದ ಹೊಡೆದರಂತೆ, ನಿಜವಾ? 2017ರಲ್ಲಿ ಇರಾಕಿನಲ್ಲಿ ಕೆನಡಾದ ಸ್ನೈಪರ್ 3,540 ಮೀಟರ್‌ನಿಂದ ಹೊಡೆದ ಅಂತ ಅವರ ಸೇನೆ ಹೇಳಿದೆ. ಗುಂಡು ತಲುಪಲು ಹತ್ತು ಸೆಕೆಂಡ್ ಹತ್ತಿರ ಬೇಕು. ಅಷ್ಟರಲ್ಲಿ ಎದುರಿನವನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ಆಗ ಅದು ದೊಡ್ಡ ದಾಖಲೆ, ಒಪ್ಪುತ್ತೇನೆ. ದಿನನಿತ್ಯದ ಕೆಲಸ ಅಲ್ಲ.

ನಮ್ಮ ದೇಶದಲ್ಲೇ ಮಾಡಲು ಆಗಲ್ವಾ? ಆಗುತ್ತಿದೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸೇಬರ್ ಅನ್ನುವ .338 ರೈಫಲ್ ಮಾಡಿದೆ, 2024ರಲ್ಲಿ ಹೊರದೇಶದಿಂದ ಆರ್ಡರ್ ಕೂಡ ಪಡೆಯಿತು. ನಳಿಗೆ ಕೊರೆಯುವುದೇ ಇದರಲ್ಲಿ ಕಷ್ಟದ ಕೆಲಸ, ಅದು ಇಲ್ಲೇ ಆಗುತ್ತಿರುವುದು ನನಗೆ ಖುಷಿ.

ಹೊಟ್ಟೆಗೆ ಹೊಕ್ಕು ಅರಳುವ ಗುಂಡು ಬಳಸುತ್ತಾರಾ ಅಂತ ಒಬ್ಬ ಹುಡುಗ ಕೇಳಿದ. ಇಲ್ಲಪ್ಪ. ಮೈಯೊಳಗೆ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಅಂತ 1899ರ ಹೇಗ್ ಘೋಷಣೆಯಿಂದಲೇ ಇದೆ. ಆ ಗುಂಡಿಗೆ ಹೆಸರು ಬಂದದ್ದು ಕಲ್ಕತ್ತದ ಹತ್ತಿರದ ಡಮ್ ಡಮ್ ಕಾರ್ಖಾನೆಯಿಂದ.

ಕೊನೆಗೆ ಒಬ್ಬ ಎನ್‌ಸಿಸಿ ಹುಡುಗಿ ಎದ್ದು ನಿಂತು, "ಸರ್, ಹುಡುಗಿಯರನ್ನು ತಗೋತಾರಾ?" ಅಂದಳು. ಗಡಿ ಭದ್ರತಾ ಪಡೆಯಲ್ಲಿ, ಅಂದರೆ ಬಿಎಸ್‌ಎಫ್‌ನಲ್ಲಿ, ತಗೋತಾರೆ ಕಣಮ್ಮ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯ ಲ್ಯುಡ್ಮಿಲಾ ಪಾವ್ಲಿಚೆಂಕೊ ಅನ್ನುವಾಕೆಯ ಹೆಸರಲ್ಲಿ 309 ಶತ್ರು ಸೈನಿಕರ ಲೆಕ್ಕ ಇದೆ. ನಮ್ಮಲ್ಲಿ ಹಿಮಾಚಲದ ಸುಮನ್ ಕುಮಾರಿ ಬಿಎಸ್‌ಎಫ್‌ನ ಮೊದಲ ಮಹಿಳಾ ಸ್ನೈಪರ್. ಇಂದೋರಿನ ತರಬೇತಿ ಶಾಲೆಯಲ್ಲಿ ಎಂಟು ವಾರದ ಕೋರ್ಸ್ ಮುಗಿಸಿದ್ದು 2024ರಲ್ಲಿ. ಸೇನೆಯವರ ಶೂಟಿಂಗ್ ಶಾಲೆ ಮಧ್ಯಪ್ರದೇಶದ ಮಹೂನಲ್ಲಿದೆ. ನೀನು ಈಗ ಹೊಡೆಯುವುದು .22 ಅಲ್ವಾ? ಮುಂದಿನ ಸಲ ರೇಂಜಿಗೆ ಹೋಗುವಾಗ ಒಂದು ನೋಟ್‌ಬುಕ್ ಜೊತೆಗಿರಲಿ, ಪ್ರತಿ ಗುಂಡು ಎಲ್ಲಿ ಬಿತ್ತು ಅಂತ ಬರಿ. "25 ಮೀಟರಿಗೆ ಗಾಳಿ ಲೆಕ್ಕಕ್ಕೆ ಬರಲ್ಲ ಸರ್" ಅಂತ ಅವಳು ತಕ್ಷಣ ಹೇಳಿದಳು. ನಿಜ, ಬರಲ್ಲ. ಉಸಿರು ಬರುತ್ತದೆ. ಟ್ರಿಗರ್ ಒತ್ತುವಾಗ ಉಸಿರು ಒಳಗಿತ್ತಾ, ಹೊರಗಿತ್ತಾ ಅದನ್ನು ಬರಿ.